ಬ್ರೆಸ್ಟ್ ಪೀಸಾ, ಲೆಗ್ ಪೀಸಾ ಅನ್ನೋದು ಆಮೇಲೆ, ಮೊದಲು ಮೂಳೆ ತೂಗಿ

ಬ್ರೆಸ್ಟು, ಲೆಗ್ಗು, ಮಟನ್ನು, ನಾಟಿ ಕೋಳಿ, ಯಾವುದರಲ್ಲಿ ಪ್ರೋಟೀನ್ ಜಾಸ್ತಿ ಅಂತ ಕೇಳಿದ್ದೀರಿ. ಮಂಡ್ಯದಲ್ಲಿ ಜಿಮ್ ಸೇರಿದ ಹೊಸದರಲ್ಲಿ ನನ್ನ ತಲೆಯನ್ನೂ ಇದೇ ಹುಳ ಕೊರೆಯುತ್ತಿತ್ತು.

ಆಗ ನಾನು 70 ಕೆಜಿ. ದಿನಕ್ಕೆ 110 ಗ್ರಾಂ ಪ್ರೋಟೀನ್ ಬೇಕು ಅಂದಿದ್ದರು ಕೋಚ್. ಮೊಬೈಲ್‌ನಲ್ಲಿ ನೋಡಿದರೆ 100 ಗ್ರಾಂ ಚಿಕನ್‌ಗೆ 31 ಗ್ರಾಂ ಅಂತಿತ್ತು. ಇನ್ನೇನು ಬೇಕು? ದಿನಾ ಅರ್ಧ ಕೆಜಿ ಫಾರಂ ಕೋಳಿ ತಂದು, ಅವ್ವನ ಕೈಲಿ ಸಾರು ಮಾಡಿಸಿ, ಎರಡು ಹೊತ್ತೂ ಮುದ್ದೆ ಜೊತೆ ಬಾರಿಸಿದೆ. 155 ಗ್ರಾಂ ಆಯ್ತಲ್ಲ ಅಂತ ಮೊಟ್ಟೆ ಬಿಟ್ಟೆ, ಹುರುಳಿಕಾಳು ಬಸ್ಸಾರು ಮಾಡಿದರೆ ಮುಖ ತಿರುಗಿಸಿದೆ. ನಾಲ್ಕು ತಿಂಗಳಾದರೂ ಎತ್ತುವ ತೂಕ ಒಂದು ಪ್ಲೇಟೂ ಏರಲಿಲ್ಲ.

ಒಂದು ದಿನ ಅನುಮಾನ ಬಂದು ತಟ್ಟೆಯಲ್ಲಿ ಉಳಿದ ಮೂಳೆ ಎತ್ತಿಟ್ಟು ತೂಗಿದೆ. 'ಏನ್ಲಾ ಮಗ, ಮೂಳೆನೂ ಮಾರ್ತೀಯಾ?' ಅಂದಳು ಅವ್ವ. ಹತ್ತಿರ ಹತ್ತಿರ 150 ಗ್ರಾಂ! ಅಂದರೆ ನಾನು ತಿಂದದ್ದು ಹಸಿ ಲೆಕ್ಕದಲ್ಲಿ 350 ಗ್ರಾಂ ಮಾಂಸ ಅಷ್ಟೇ.

ಅದಕ್ಕಿಂತ ದೊಡ್ಡ ತಪ್ಪು ಆ 31. ಅದು ಬೇಯಿಸಿದ, ಚರ್ಮ ಮೂಳೆ ಇಲ್ಲದ ಬ್ರೆಸ್ಟಿನ ಲೆಕ್ಕ. ಹಸಿ ಬ್ರೆಸ್ಟಿನಲ್ಲಿ 22-23 ಗ್ರಾಂ ಇರುತ್ತದೆ. ಹಸಿ ಮಾಂಸದಲ್ಲಿ ಮುಕ್ಕಾಲು ಪಾಲು ನೀರೇ ಅಲ್ವಾ? ಗ್ರಿಲ್ ಮಾಡಿದಾಗ ನೀರು ಹೋಗಿ 100 ಗ್ರಾಂ ಇದ್ದದ್ದು ಸುಮಾರು 75ಕ್ಕೆ ಇಳಿಯುತ್ತದೆ. ಪ್ರೋಟೀನ್ ಅಷ್ಟೇ, ತುಂಡು ಚಿಕ್ಕದು. ಒಲೆ ಮೇಲೆ ಇಟ್ಟರೆ ಪ್ರೋಟೀನ್ ಹುಟ್ಟಲ್ಲ ಸ್ವಾಮಿ. ನಾನು ಅಂಗಡಿಯಲ್ಲಿ ಹಸಿ ತೂಕ ಹಾಕಿಸಿ, ಬೆಂದದ್ದರ ಅಂಕಿಯಿಂದ ಗುಣಿಸಿದ್ದೆ, ಅದೂ ಮೂಳೆ ಸಮೇತ. ನಿಜವಾಗಿ ಸಿಕ್ಕಿದ್ದು 70 ಗ್ರಾಂ ಆಸುಪಾಸು. ಅರ್ಧಕ್ಕೂ ಕಮ್ಮಿ!

ಹಾಗಾಗಿ ನಿಮ್ಮ ಪ್ರಶ್ನೆಯೇ ನನಗೆ ಸರಿ ಕಾಣಲ್ಲ. ಚರ್ಮ ತೆಗೆದ ಲೆಗ್‌ನಲ್ಲಿ ಹಸಿಯಾಗಿ 19-20 ಗ್ರಾಂ, ಕೊಬ್ಬು ಕಮ್ಮಿ ಇರುವ ಮಟನ್‌ನಲ್ಲೂ 20ರ ಹತ್ತಿರ. ಎರಡು ಮೂರು ಗ್ರಾಂ ವ್ಯತ್ಯಾಸಕ್ಕೆ ಒಣಕಲು ಬ್ರೆಸ್ಟ್ ಅಗಿಯುತ್ತಾ ಕೂರಬೇಕಾ? ಚರ್ಮ, ಕೊಬ್ಬು ಜಾಸ್ತಿಯಾದಷ್ಟೂ ಪ್ರೋಟೀನ್ ಇಳಿಯುತ್ತದೆ, ಅದೊಂದು ನೋಡಿಕೊಳ್ಳಿ. ನಾಟಿ ಕೋಳಿಯಲ್ಲಿ ಪ್ರೋಟೀನ್ ಡಬಲ್ ಅನ್ನುವುದೆಲ್ಲ ಸುಮ್ನೆ. ಅದರಲ್ಲಿ ಕೊಬ್ಬು ಕಮ್ಮಿ, ರುಚಿ ಜಾಸ್ತಿ, ಅಷ್ಟೇ.

ನಾನೀಗ ಲೆಗ್ ಪೀಸೇ ತರುವುದು. ಮೂಳೆ ಬಿಡಿಸಿ ಹಸಿಯಾಗಿದ್ದಾಗಲೇ ತೂಗಿ, ನೂರಕ್ಕೆ 20 ಅಂತ ಹಿಡಿಯುತ್ತೇನೆ. ಮೊಟ್ಟೆ, ಬಸ್ಸಾರು ಎರಡೂ ತಟ್ಟೆಗೆ ವಾಪಸ್ ಬಂದಿವೆ. ಭಾನುವಾರ ಬನ್ನೂರು ಕುರಿ ಮಟನ್ ತಂದರೆ ಮಾತ್ರ ತಕ್ಕಡಿ ಕಪಾಟಿನಲ್ಲೇ ಇರುತ್ತದೆ. ಅದನ್ನು ಲೆಕ್ಕ ಹಾಕಿ ತಿನ್ನುವವರ ಪಕ್ಕ ನಾನು ಊಟಕ್ಕೆ ಕೂರಲ್ಲ.