ಮನೆಯಲ್ಲಿ ಟಫ್ಟಿಂಗ್ ಆರಂಭಿಸಲು ಮೊದಲು ಏನು ಕೊಳ್ಳಬೇಕು? ತೋಟದ ರಬ್ಬರ್ ಹಾಲು ಅಂಟಿಗೆ ಆಗುತ್ತದೆಯೇ?

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ನಿಮ್ಮ ಮನೆಯ ಚಾವಡಿಯಲ್ಲಿ ಟಫ್ಟಿಂಗ್, ಅಂದರೆ ಬಟ್ಟೆಗೆ ನೂಲು ಚುಚ್ಚಿ ಮಾಡುವ ನೆಲಹಾಸು ಮಾಡುವ ಆಸೆಯಿದೆ, ನೂಲು ಚುಚ್ಚುವ ವಿದ್ಯುತ್ ಸಾಧನವಾದ ಗನ್ನನ್ನು ಈಗಲೇ ತರಿಸಬೇಕೇ, ಅಂಟಿಗೆ ಸ್ವಂತ ತೋಟದ ರಬ್ಬರ್ ಹಾಲು ಆದೀತೇ ಎಂದು ಕೇಳಿದ್ದೀರಿ. ನಾನು ಕುಂಬಳೆಯ ಸಮೀಪ ಇದ್ದುಕೊಂಡು ಕೆಲವು ವರ್ಷಗಳಿಂದ ಈ ಕೆಲಸ ಮಾಡುತ್ತಿರುವುದರಿಂದ, ನಮ್ಮ ಕಡೆಯ ಹವೆಯನ್ನು ಲೆಕ್ಕಕ್ಕೆ ಹಿಡಿದೇ ಉತ್ತರಿಸುತ್ತೇನೆ. ಗನ್ನಿಗೆ ಅವಸರವಿಲ್ಲ, ತೋಟದ ಹಾಲು ಆಗುವುದಿಲ್ಲ. ನಿಮ್ಮ ಮೊದಲ ಹಣವೂ ಗಮನವೂ ಬಟ್ಟೆ, ಚೌಕಟ್ಟು ಮತ್ತು ಅಂಟಿಗೆ ಸಲ್ಲಬೇಕು, ಅದರಲ್ಲಿಯೂ ಅಂಟಿಗೆ ಹೆಚ್ಚು.

ಕಾರಣ ಹೀಗಿದೆ. ಕಾಸರಗೋಡು ಸೀರೆಯ ಮಗ್ಗದಲ್ಲಿ ಹಾಸು ಹೊಕ್ಕುಗಳು ಒಂದನ್ನೊಂದು ಹಿಡಿದಿರುತ್ತವೆ; ಉತ್ತರ ಪ್ರದೇಶದ ಭದೋಹಿಯ ಕೈಗಂಟಿನ ರತ್ನಗಂಬಳಿಯಲ್ಲಿ ಪ್ರತಿಯೊಂದು ಎಳೆಯನ್ನೂ ಹಾಸುನೂಲಿಗೆ ಗಂಟು ಹಾಕಿರುತ್ತಾರೆ. ಟಫ್ಟಿಂಗಿನಲ್ಲಿ ಇವೆರಡೂ ಇಲ್ಲ. ಮೊದಲೇ ಸಿದ್ಧವಿರುವ ಬಟ್ಟೆಗೆ ನೂಲನ್ನು ಸೂಜಿಯಿಂದ ಚುಚ್ಚಿ ನಿಲ್ಲಿಸುತ್ತೇವೆ, ಅಷ್ಟೆ. ಅಂಟು ಬೀಳುವ ತನಕ ಆ ನೂಲು ಬೆರಳಿನಿಂದ ಎಳೆದರೆ ಕಳಚಿ ಬರುತ್ತದೆ. ಅಮೆರಿಕದ ಜಾರ್ಜಿಯಾ ರಾಜ್ಯದ ಡಾಲ್ಟನ್ ಊರಿನ ಬಳಿ 1895ರಲ್ಲಿ ಕ್ಯಾಥರೀನ್ ಇವಾನ್ಸ್ ಎಂಬ ಹದಿಹರೆಯದ ಹುಡುಗಿ ಮಂಚದ ಹಾಸಿನ ಮೇಲೆ ಇಂತಹ ಗೊಂಡೆಗಳನ್ನು ಕೈಯಿಂದ ಹೊಲಿದು ಕತ್ತರಿಸುವ ಕ್ರಮವನ್ನು ಮತ್ತೆ ಚಾಲ್ತಿಗೆ ತಂದಳು; ಮುಂದೆ ಆ ಊರು ಕಾರ್ಪೆಟ್ ಉದ್ಯಮದ ಕೇಂದ್ರವಾಯಿತು. ಆ ಹಾಸುಗಳನ್ನು ಬಿಸಿನೀರಿನಲ್ಲಿ ಒಗೆದಾಗ ಹತ್ತಿಯ ಬಟ್ಟೆ ಕುಗ್ಗಿ ಎಳೆಗಳನ್ನು ಬಿಗಿಹಿಡಿಯುತ್ತಿತ್ತು. ಇಂದು ನಾವು ಬಳಸುವ ಪಾಲಿಯೆಸ್ಟರ್ ಬೆರೆತ ಬಟ್ಟೆ ಹಾಗೆ ಕುಗ್ಗುವುದಿಲ್ಲವಾದ್ದರಿಂದ ಹಿಡಿಯುವ ಕೆಲಸವೆಲ್ಲ ಅಂಟಿನ ಪಾಲಿಗೆ ಬಂದಿದೆ.

ಆದ್ದರಿಂದ ಮೊದಲ ಒಂದೆರಡು ತುಂಡುಗಳನ್ನು ಪಂಚ್ ನೀಡಲ್ ಎಂಬ ಕೈಸೂಜಿಯಿಂದ ಮಾಡಿನೋಡಿ. ಕೆಲವು ನೂರು ರೂಪಾಯಿಗೆ ಸಿಗುವ ಈ ಸಾಧನಕ್ಕೆ ವಿದ್ಯುತ್ ಬೇಡ, ಸದ್ದಿಲ್ಲ, ಮಡಿಲಲ್ಲಿಟ್ಟುಕೊಂಡೂ ಮಾಡಬಹುದು. ಕತ್ತರಿಸದ ಕುಣಿಕೆಗಳಷ್ಟೇ ಅದರಿಂದ ಬರುತ್ತವೆಯಾದರೂ ಬಟ್ಟೆಯ ಬಿಗಿ, ಸಾಲುಗಳ ಅಂತರ, ಅಂಟಿನ ಪದರ ಇವೆಲ್ಲ ಏನೆಂಬುದು ಕೈಗೆ ಗೊತ್ತಾಗುತ್ತದೆ. ಅದರ ಬಳಿಕವೂ ಆಸಕ್ತಿ ಉಳಿದಿದ್ದರೆ ಹಲವು ಸಾವಿರ ರೂಪಾಯಿ ಕೊಟ್ಟು ಗನ್ ತರಿಸುವುದರಲ್ಲಿ ಅರ್ಥವಿದೆ. ಗನ್ನುಗಳಲ್ಲಿ ಎಳೆಯನ್ನು ಕತ್ತರಿಸುತ್ತ ಹೋಗುವ ಕಟ್ ಪೈಲ್, ಕುಣಿಕೆಯಾಗಿಯೇ ಬಿಡುವ ಲೂಪ್ ಪೈಲ್, ಎರಡನ್ನೂ ಮಾಡುವ ಬಗೆ ಎಂದು ಮೂರು ಉಂಟು. ಎರಡನ್ನೂ ಮಾಡುವಂಥದ್ದು ಲಾಭವೆಂದು ತೋರುತ್ತದೆ, ಆದರೆ ಹೊಸಬರಿಗೆ ಅದರ ಬಿಡಿಭಾಗ ಬದಲಿಸಿ ಹೊಂದಿಸುವುದೇ ಒಂದು ತಲೆನೋವು. ಕಟ್ ಪೈಲ್ ಒಂದೇ ಇರುವ ಸರಳ ಗನ್ ಸಾಕು ಎಂಬುದು ನನ್ನ ಅಭಿಪ್ರಾಯ.

ಚೌಕಟ್ಟನ್ನು ಆನ್‌ಲೈನ್‌ನಲ್ಲಿ ತರಿಸಬೇಡಿ, ಊರಿನ ಆಚಾರಿಯವರಲ್ಲಿ ಮಾಡಿಸಿ. ಹಂಚಿನ ಮಾಡು ಕಳಚಿದ ಮನೆಯ ಹಳೆಯ ಪಕ್ಕಾಸು ಸಿಕ್ಕಿದರೆ ಅದಕ್ಕಿಂತ ಒಳ್ಳೆಯ ಮರ ಬೇರೆ ಇಲ್ಲ, ಏಕೆಂದರೆ ಅದು ಬಾಗುವಷ್ಟು ಬಾಗಿ, ಒಣಗುವಷ್ಟು ಒಣಗಿ ಆಗಿರುತ್ತದೆ. ಸಂಸ್ಕರಿಸದ ಹಸಿ ರಬ್ಬರ್ ಮರ ಅಗ್ಗವಾದರೂ ಬೇಗ ತಿರುಚುತ್ತದೆ, ಕುಟ್ಟೆಯೂ ಹಿಡಿಯುತ್ತದೆ. 60 ಸೆಂಟಿಮೀಟರ್ ಅಗಲದ ನೆಲಹಾಸಿಗೆ ಚೌಕಟ್ಟಿನ ಒಳಅಳತೆ ಕನಿಷ್ಠ 80 ಸೆಂಟಿಮೀಟರ್ ಇರಲಿ. ಅಂಚಿನ ಸಮೀಪಕ್ಕೆ ಹೋದಾಗ ಗನ್ನಿನ ಮೂತಿ ಮರಕ್ಕೆ ತಾಗದಿರಲು ಅಷ್ಟು ಜಾಗ ಬೇಕು. ಮುಂಬದಿಯಲ್ಲಿ ಸುತ್ತಲೂ ಸಾಲಾಗಿ ಮೊಳೆಮುಳ್ಳುಗಳಿರುವ ಕಾರ್ಪೆಟ್ ಗ್ರಿಪ್ಪರ್ ಪಟ್ಟಿಯನ್ನು, ಅದು ಸಿಗದಿದ್ದರೆ ಒತ್ತೊತ್ತಾಗಿ ಸಣ್ಣ ಮೊಳೆಗಳನ್ನು, ತುದಿಗಳು ಹೊರಮುಖವಾಗಿ ಓರೆಯಾಗಿರುವಂತೆ ಹೊಡೆಸಬೇಕು. ಅದಕ್ಕೆ ಬಟ್ಟೆಯನ್ನು ಎದುರುಬದುರು ಬದಿಗಳಿಂದ ಎಳೆದೆಳೆದು ಸಿಕ್ಕಿಸಿದಾಗ ಅದು ಚೆಂಡೆಯ ಚರ್ಮದಂತೆ ಬಿಗಿಯಾಗಿ, ಬೆರಳಿನಿಂದ ಬಡಿದರೆ ಸದ್ದು ಬರುವಂತಿರಬೇಕು. ಕೆಲಸದ ನಡುವೆ ಬಟ್ಟೆ ಸಡಿಲವಾಗುವುದು ಸಹಜ. ಆಗ ಸುಮ್ಮನೆ ಮುಂದುವರಿಸದೆ ಮತ್ತೆ ಎಳೆದು ಸಿಕ್ಕಿಸಿ. ಚೌಕಟ್ಟನ್ನು ಮೇಜಿಗೆ ಕ್ಲ್ಯಾಂಪ್ ಹಾಕಿ ಅಲುಗದಂತೆ ನಿಲ್ಲಿಸುವುದೂ ಅಷ್ಟೇ ಮುಖ್ಯ.

ಬಟ್ಟೆಯ ವಿಷಯದಲ್ಲಿ ಜಿಪುಣತನ ಬೇಡ. ಟಫ್ಟಿಂಗಿಗೆಂದೇ ಮಾರುವ, ಗೆರೆಗಳ ಚೌಕುಳಿಯಿರುವ ಪಾಲಿಯೆಸ್ಟರ್ ಮಿಶ್ರಿತ ಬಟ್ಟೆಯನ್ನೇ ಕೊಳ್ಳಿ. ಆ ಗೆರೆಗಳು ಬಟ್ಟೆ ಸೊಟ್ಟಗಾಗಿದೆಯೇ ಎಂದು ನೋಡಲು ಒದಗುತ್ತವೆ. ಅಡಕೆ ತುಂಬುವ ಗೋಣಿಯ ಬಟ್ಟೆ ಕೈಸೂಜಿಗೆ ತಕ್ಕಮಟ್ಟಿಗೆ ನಡೆದೀತು, ಗನ್ನಿನ ವೇಗಕ್ಕೆ ಅದರ ಎಳೆಗಳು ಕಡಿದು ಹೋಗುತ್ತವೆ. ಇನ್ನೊಂದು ಎಚ್ಚರಿಕೆ: ನಾವು ಕೆಲಸ ಮಾಡುವುದು ನೆಲಹಾಸಿನ ಬೆನ್ನಿನ ಕಡೆಯಿಂದ, ಆದ್ದರಿಂದ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ಬಲ ಎಡ ಮಾಡಿ ಬರೆಯಬೇಕು. ಹೂವಿನ ಚಿತ್ರಕ್ಕೆ ಇದು ಅಷ್ಟು ಮುಖ್ಯವಲ್ಲ, ಅಕ್ಷರಗಳಿದ್ದರೆ ಮಾತ್ರ ಮರೆಯುವಂತಿಲ್ಲ.

ಗನ್ ಹಿಡಿದಾಗ ಅದರ ಒಳಗೆ ಏನಾಗುತ್ತದೆಂದು ಒಮ್ಮೆ ನಿಧಾನಕ್ಕೆ ನೋಡಿಕೊಳ್ಳಿ. ಟೊಳ್ಳು ಸೂಜಿ ನೂಲನ್ನು ಹೊತ್ತು ಬಟ್ಟೆಯನ್ನು ದಾಟುತ್ತದೆ, ಅದರ ಜೊತೆಗೇ ಚಲಿಸುವ ಪುಟ್ಟ ಕತ್ತರಿ ಆಚೆಬದಿಯಲ್ಲಿ ಬಾಯಿ ತೆರೆದು ಆ ನೂಲನ್ನು ಕತ್ತರಿಸುತ್ತದೆ, ಎರಡೂ ಹಿಂದಕ್ಕೆ ಸರಿಯುತ್ತವೆ, ಒಂದು ಹೆಜ್ಜೆ ಮುಂದೆ ಇದೇ ಮತ್ತೆ ನಡೆಯುತ್ತದೆ. ಇದು ಕ್ಷಣಕ್ಕೆ ಹಲವು ಸಲ ನಡೆಯುವುದರಿಂದ ಗನ್ನಿನ ಪಾದ ಬಟ್ಟೆಗೆ ಸದಾ ಒತ್ತಿಕೊಂಡಿರಬೇಕು. ಒತ್ತು ಕಡಿಮೆಯಾದಲ್ಲಿ ಎಳೆಗಳು ಗಿಡ್ಡವಾಗುತ್ತವೆ ಅಥವಾ ನಿಲ್ಲುವುದೇ ಇಲ್ಲ. ಕೆಳಗಿನಿಂದ ಮೇಲಕ್ಕೆ ಸಾಗುವುದು ಕಲಿಯಲು ಸುಲಭ. ಬಾಗುಗೆರೆ ಬಂದಾಗ ಗನ್ನನ್ನು ಅಡ್ಡಕ್ಕೆ ದೂಡದೆ, ಹೋಗಬೇಕಾದ ದಿಕ್ಕಿಗೆ ಇಡೀ ಗನ್ನನ್ನೇ ತಿರುಗಿಸಬೇಕು, ಇಲ್ಲವಾದರೆ ಸೂಜಿ ಬಟ್ಟೆಯನ್ನು ಸೀಳುತ್ತದೆ. ಸಾಲು ಸಾಲುಗಳ ನಡುವೆ ಸುಮಾರು ಅರ್ಧ ಸೆಂಟಿಮೀಟರ್ ಅಂತರವಿರಲಿ. ಬೆನ್ನಿನ ಕಡೆಯಿಂದ ನೋಡುವಾಗ ಬರಿದಾಗಿ ಕಂಡರೂ ಮುಂದಿನ ಕಡೆ ಎಳೆಗಳು ಹರಡಿ ತುಂಬಿಕೊಳ್ಳುತ್ತವೆ. ಸಂಶಯದಿಂದ ಅದೇ ಜಾಗದಲ್ಲಿ ಮತ್ತೆ ಮತ್ತೆ ಹೊಡೆದರೆ ಬಟ್ಟೆ ಜರಡಿಯಂತಾಗುತ್ತದೆ. ಕತ್ತರಿಯ ಕೀಲಿಗೆ ಆಗಾಗ ಹೊಲಿಗೆ ಯಂತ್ರದ ಎಣ್ಣೆಯ ತೊಟ್ಟು ಹಾಕಿ, ಸ್ಕ್ರೂಗಳು ಸಡಿಲವಾಗಿವೆಯೇ ನೋಡಿ. ತಲೆಗೂದಲನ್ನು ಬಿಗಿಯಾಗಿ ಕಟ್ಟಿಕೊಳ್ಳಿ, ಶಾಲು ಸೆರಗು ಹತ್ತಿರ ಸುಳಿಯದಿರಲಿ, ಮತ್ತೊಂದು ಕೈ ಎಂದಿಗೂ ಬಟ್ಟೆಯ ಆಚೆಬದಿಗೆ ಹೋಗದಿರಲಿ. ನೂಲು ಪೋಣಿಸುವಾಗ ಪ್ಲಗ್ ಕಳಚಿಯೇ ಇರಬೇಕು. ಮೂಗಿಗೆ ಮಾಸ್ಕ್ ಬೇಕು, ಧೂಳು ನೀವೆಣಿಸಿದ್ದಕ್ಕಿಂತ ಹೆಚ್ಚು.

ನೂಲಿಗೆ ಉಣ್ಣೆ ಉತ್ತಮ, ಅಕ್ರಿಲಿಕ್ ಅಗ್ಗ. ಕಲಿಯುವಾಗ ಅಕ್ರಿಲಿಕ್ ಸಾಕು, ಆದರೆ ಉಂಡೆಯಾಗಿ ಬಂದದ್ದನ್ನು ಹಾಗೆಯೇ ಬಳಸದೆ ಕೋನಿಗೆ ಸುತ್ತಿಕೊಳ್ಳಿ, ಅದನ್ನು ತಲೆಗಿಂತ ಮೇಲಿನ ಕೊಕ್ಕೆಯೊಂದರ ಮೂಲಕ ಇಳಿಬಿಡಿ. ನೂಲು ಎಲ್ಲಿಯೋ ಸಿಕ್ಕಿಕೊಂಡರೆ ಗನ್ನು ಆಗತಾನೆ ನೆಟ್ಟ ಎಳೆಗಳನ್ನೇ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಗನ್ ಕೆಟ್ಟಿದೆಯೆಂಬ ದೂರುಗಳಲ್ಲಿ ಬಹುಪಾಲಿನ ಮೂಲ ಇಲ್ಲಿಯೇ ಇರುತ್ತದೆ. ಎಷ್ಟು ನೂಲು ಬೇಕೆಂದು ತಿಳಿಯಲು 10 ಸೆಂಟಿಮೀಟರ್ ಚೌಕದ ಮಾದರಿ ಮಾಡಿ, ಮೊದಲೂ ಆಮೇಲೂ ಕೋನನ್ನು ತೂಗಿ ನೋಡಿ. 60 ಸೆಂಟಿಮೀಟರ್ ವ್ಯಾಸದ ದುಂಡು ನೆಲಹಾಸಿಗೆ ಅಂತಹ ಸುಮಾರು 28 ಚೌಕಗಳ ನೂಲು ತಗಲುತ್ತದೆ. ಹಾಳಾಗುವುದಕ್ಕೆಂದು ಸ್ವಲ್ಪ ಹೆಚ್ಚು ಇಟ್ಟುಕೊಳ್ಳಿ.

ಇನ್ನು ರಬ್ಬರ್ ಹಾಲಿನ ಪ್ರಶ್ನೆ. ಟಫ್ಟಿಂಗಿನವರು ಲೇಟೆಕ್ಸ್ ಎನ್ನುವುದನ್ನು ಕೇಳಿದಾಗ, ಗೆರಟೆಯಲ್ಲಿ ದಿನವೂ ಕಾಣುವುದು ಅದೇ ತಾನೇ ಎಂದು ತೋಟವಿರುವವರಿಗೆ ಅನಿಸುವುದು ನ್ಯಾಯವೇ. ಆದರೆ ಮರದಿಂದ ಇಳಿದ ಹಾಲಿನಲ್ಲಿ ರಬ್ಬರ್ ಇರುವುದು ಸುಮಾರು 30ರಿಂದ 40 ಪ್ರತಿಶತ. ಉಳಿದದ್ದು ಬಹುತೇಕ ನೀರು, ಜೊತೆಗೆ ಕೊಳೆಯುವ ಪ್ರೋಟೀನು ಮತ್ತು ಸಕ್ಕರೆ. ಅದು ಕೆಲವೇ ಗಂಟೆಗಳಲ್ಲಿ ತಾನಾಗಿ ಹೆಪ್ಪುಗಟ್ಟತೊಡಗುತ್ತದೆ, ಬಟ್ಟೆಯ ಮೇಲೆ ಒಣಗಿದರೂ ನಾರುತ್ತದೆ. ಕಾರ್ಖಾನೆಗಳು ಹಾಲಿಗೆ ಅಮೋನಿಯ ಬೆರೆಸಿ, ಯಂತ್ರದಲ್ಲಿ ತಿರುಗಿಸಿ ನೀರು ತೆಗೆದು ಸುಮಾರು 60 ಪ್ರತಿಶತಕ್ಕೆ ಮಂದಗೊಳಿಸುತ್ತವೆ. ಅದೂ ಗಂಧಕ ಮೊದಲಾದವುಗಳೊಂದಿಗೆ ಸೇರಿ ಪಕ್ವವಾಗದಿದ್ದರೆ ಏಪ್ರಿಲ್ ಮೇ ತಿಂಗಳ ಸೆಕೆಗೆ ಅಂಟಂಟಾಗುತ್ತದೆ. ಆದ್ದರಿಂದ ಕಾರ್ಪೆಟಿಗೆಂದೇ ತಯಾರಿಸಿದ, ದಪ್ಪನೆಯ ಲೇಟೆಕ್ಸ್ ಅಂಟನ್ನು ಕೊಂಡುಕೊಳ್ಳಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಮೆಂಟಿಗೆ ಬೆರೆಸಲೆಂದು ಸಿಗುವ ಎಸ್‌ಬಿಆರ್ ಎಂಬ ಕೃತಕ ರಬ್ಬರಿನ ಲೇಟೆಕ್ಸ್ ತೀರಾ ತೆಳು, ಅದು ಸೋರಿ ಮುಂದಿನ ಎಳೆಗಳನ್ನೂ ಅಂಟಿಸಿಬಿಡುತ್ತದೆ. ಮರಗೆಲಸದ ಬಿಳಿ ಅಂಟು ಒಣಗಿದ ಮೇಲೆ ಗಡುಸಾಗಿ ನೆಲಹಾಸು ಹಲಗೆಯಾಗುತ್ತದೆ. ಮನೆಯಲ್ಲಿ ಯಾರಿಗಾದರೂ ರಬ್ಬರ್ ಕೈಗವಸಿನಿಂದ ತುರಿಕೆ ಬರುವುದಿದ್ದರೆ ನೈಸರ್ಗಿಕ ಲೇಟೆಕ್ಸನ್ನು ದೂರವಿಟ್ಟು ಕೃತಕವಾದದ್ದನ್ನೇ ಆರಿಸಿ.

ಅಂಟನ್ನು ಬಟ್ಟೆ ಚೌಕಟ್ಟಿನಲ್ಲಿ ಬಿಗಿಯಾಗಿರುವಾಗಲೇ ಹಚ್ಚಬೇಕು, ಕೆಳಗಿಳಿಸಿದ ಮೇಲೆ ಹಚ್ಚಿದರೆ ಅಂಚುಗಳು ಸುರುಟುತ್ತವೆ. ಪ್ಲಾಸ್ಟಿಕ್ ಪಟ್ಟಿಯಿಂದ ತೆಳ್ಳಗೆ, ಎಲ್ಲ ಸಾಲುಗಳ ಬುಡಕ್ಕೂ ಇಳಿಯುವಂತೆ ಒತ್ತಿ ಹರಡಿ, ಹೊರ ಅಂಚಿನಿಂದ ಎರಡು ಬೆರಳಷ್ಟು ಆಚೆಗೂ ಹಚ್ಚಿ. ಆಮೇಲೆ ಮಡಚಲು ಆ ಅಂಚು ಬೇಕಾಗುತ್ತದೆ. ಕಿಟಕಿಗಳನ್ನು ತೆರೆದಿಡಿ, ಅಮೋನಿಯದ ಘಾಟು ಕಣ್ಣಿಗೆ ಹೊಡೆಯುತ್ತದೆ.

ಈ ಅಂಟು ಒಣಗುವುದೆಂದರೆ ಅದರೊಳಗಿನ ನೀರು ಆರುವುದು. ಒಣ ಹವೆಯ ಊರಿನವರು ಒಂದೆರಡು ದಿನವೆಂದು ಹೇಳುವ ಲೆಕ್ಕ, ವರ್ಷಕ್ಕೆ 3,500 ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ನಮ್ಮ ಜಿಲ್ಲೆಯ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಡೆಯುವುದಿಲ್ಲ. ಮೇಲ್ಪದರ ಒಣಗಿದಂತೆ ಕಂಡು ಒಳಗೆ ಹಸಿಯಾಗಿಯೇ ಉಳಿದು, ಅದರ ಮೇಲೆ ಹಿಂಬಟ್ಟೆ ಅಂಟಿಸಿದರೆ ಬೂಸ್ಟು ಬರುತ್ತದೆ. ಅಕ್ಟೋಬರಿನ ತುಲಾಮಾಸದ ಮಳೆಯೂ ಕಳೆದ ಮೇಲೆ, ಡಿಸೆಂಬರಿನಿಂದ ಮೇ ಮೊದಲವರೆಗೆ ಅಂಟಿನ ಕೆಲಸ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಚಿತ್ರ ಬರೆಯುವುದು, ನೂಲು ಸುತ್ತುವುದು, ಕೈಸೂಜಿಯ ಅಭ್ಯಾಸ ಇವು ಧಾರಾಳ ಆಗುತ್ತವೆ. ಅಡಕೆ ಒಣಗಿಸುವ ಪ್ಲಾಸ್ಟಿಕ್ ಮಾಡಿನ ಕೆಳಗೆ ಇಡಬಹುದೇ ಎಂದು ನೀವು ಕೇಳುವ ಮೊದಲೇ ಹೇಳುತ್ತೇನೆ, ನೇರ ಬಿಸಿಲು ಬೀಳದ ಮೂಲೆಯಲ್ಲಿ ಗಾಳಿಯಾಡುವಂತಿದ್ದರೆ ಸರಿ. ಕಡುಬಿಸಿಲಿಗೆ ರಬ್ಬರ್ ಬೇಗ ಮುಪ್ಪಾಗಿ ಪುಡಿಯುದುರತೊಡಗುತ್ತದೆ.

ಪೂರ್ತಿ ಒಣಗಿದ್ದನ್ನು ಹೆಬ್ಬೆರಳಿನಿಂದ ಒತ್ತಿ, ಸ್ವಲ್ಪ ಮಡಚಿ ನೋಡಿ ಖಚಿತಪಡಿಸಿಕೊಂಡ ಬಳಿಕ ಚೌಕಟ್ಟಿನಿಂದ ಬಿಡಿಸಿ, ಅಂಚಿನ ಬಟ್ಟೆಯನ್ನು ಅಲ್ಲಲ್ಲಿ ಕತ್ತರಿಸಿ ಹಿಂದಕ್ಕೆ ಮಡಚಿ ಅಂಟಿಸಿ, ಮೇಲೆ ಫೆಲ್ಟ್ ಅಥವಾ ದಪ್ಪ ಕ್ಯಾನ್ವಾಸ್ ಹಾಕಿ. ನಯವಾದ ಟೈಲ್ಸ್ ಅಥವಾ ರೆಡಾಕ್ಸೈಡ್ ನೆಲವಾದರೆ ಜಾರದ ಜಾಲರಿ ಬಟ್ಟೆಯೊಂದು ಅಡಿಗೆ ಇರಲೇಬೇಕು, ಮನೆಯಲ್ಲಿ ವಯಸ್ಸಾದವರಿದ್ದರಂತೂ ಇನ್ನಷ್ಟು. ಮುಂಬದಿಯ ಉದ್ದಗಿಡ್ಡ ಎಳೆಗಳನ್ನು ಕೂದಲು ಕತ್ತರಿಸುವ ಟ್ರಿಮ್ಮರಿನಿಂದ ಸಮ ಮಾಡಬಹುದು. ಮೊದಲ ಕೆಲವು ವಾರ ಸ್ವಲ್ಪ ನೂಲು ಉದುರುತ್ತದೆ, ಅದು ಅಂಟಿನ ದೋಷವಲ್ಲ. ವಾಷಿಂಗ್ ಮೆಷೀನಿಗೆ ಮಾತ್ರ ಹಾಕಬೇಡಿ. ಕಲೆಯಾದ ಜಾಗವನ್ನಷ್ಟೇ ಒದ್ದೆ ಬಟ್ಟೆಯಿಂದ ಒರಸಿ ನೆರಳಿನಲ್ಲಿ ಆರಿಸಿ.