ಅಡುಗೆಮನೆಗೆ ಸ್ಪೀಕರ್ ಬೇರೆ, ಹಾಲ್‌ಗೆ ಸಿಸ್ಟಂ ಬೇರೆ

ನಿಮ್ಮ ಪ್ರಶ್ನೆ ಇಷ್ಟು ಅಂತ ಅರ್ಥ ಮಾಡಿಕೊಂಡೆ: ಅಡುಗೆಮನೆಗೂ ಹಾಲ್‌ಗೂ ಸೇರಿ ಒಂದೇ ಪುಟ್ಟ ಮ್ಯೂಸಿಕ್ ಸಿಸ್ಟಂ ಬೇಕು. ಕೇಳುವುದು ರೇಡಿಯೊ, ಫೋನಿನಲ್ಲಿರುವ ಹಾಡು, ಪೆನ್‌ಡ್ರೈವ್, ಅಪರೂಪಕ್ಕೆ ಸಿಡಿ. ಕಣ್ಣಿಗೆ ಬಿದ್ದಿರುವುದು ಎರಡು: ಡಬ್ಬದ ಮೇಲೆ "1000 ವ್ಯಾಟ್" ಅಂತ ಬರೆದ ಮಿನಿ ಸಿಸ್ಟಂ, ಇನ್ನೊಂದು ನೀರಿಗೆ ಹೆದರದ ಬ್ಲೂಟೂತ್ ಸ್ಪೀಕರ್. ಅಟ್ಟದ ಮೇಲೆ ಹಳೆಯ ಸ್ಪೀಕರ್ ಜೋಡಿಯೂ ಒಂದಿದೆ.

ನನ್ನ ಉತ್ತರ: ಎರಡೂ ಕಡೆಗೆ ಒಂದೇ ಡಬ್ಬ ಬೇಡ. ಅಡುಗೆಮನೆಗೆ ಚಿಕ್ಕದು, ಸರಳವಾದದ್ದು, ಒರೆಸಲು ಬರುವಂಥದ್ದು ಒಂದು ತೆಗೆದುಕೊಳ್ಳಿ. ಹಾಲ್‌ಗೆ ಎಡ-ಬಲ ಬೇರೆ ಬೇರೆ ಇಡುವ ಎರಡು ಸ್ಪೀಕರ್ ಬೇಕು. ಹಾಲ್ ವಿಷಯ ಅವಸರವಿಲ್ಲ, ಅಟ್ಟದ ಜೋಡಿ ಇನ್ನೂ ಬದುಕಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಅದನ್ನು ಕೊನೆಯಲ್ಲಿ ಬರೆಯುತ್ತೇನೆ.

ಮೊದಲು ಆ 1000 ವ್ಯಾಟ್. ಅದರ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಪಿಎಂಪಿಒ (ಒಂದು ಕ್ಷಣದ ಗರಿಷ್ಠ ಶಕ್ತಿ ಅನ್ನುವ ಲೆಕ್ಕ) ಅಂತ ಇದ್ದರೆ ಆ ಸಂಖ್ಯೆಯನ್ನು ಓದಲೇಬೇಡಿ. ಪಿಎಂಪಿಒ ಅಳೆಯಲು ಎಲ್ಲರೂ ಒಪ್ಪಿದ ವಿಧಾನವೇ ಇಲ್ಲ, ತಯಾರಕರು ಬರೆದದ್ದೇ ಲೆಕ್ಕ. ನೋಡಬೇಕಾದದ್ದು ಆರ್‌ಎಂಎಸ್, ಅಂದರೆ ಸತತವಾಗಿ ಕೊಡಬಲ್ಲ ಶಕ್ತಿ. ಅದನ್ನೂ ನಂಬುವ ಮೊದಲು ಪೆಟ್ಟಿಗೆಯನ್ನು ತಿರುಗಿಸಿ ಹಿಂದಿನ ಲೇಬಲ್ ಅಥವಾ ಅಡಾಪ್ಟರ್ ನೋಡಿ. ಅಡಾಪ್ಟರ್ ಮೇಲೆ 12 ವೋಲ್ಟ್, 2 ಆಂಪಿಯರ್ ಅಂತಿದ್ದರೆ ಗುಣಿಸಿ: 24 ವ್ಯಾಟ್. ಗೋಡೆಯಿಂದ ಒಳಗೆ ಬರುವುದೇ 24 ವ್ಯಾಟ್ ಆದಮೇಲೆ ಸ್ಪೀಕರಿಗೆ ಸತತವಾಗಿ ಹೋಗುವುದು ಹೆಚ್ಚೆಂದರೆ 20ರ ಆಸುಪಾಸು. ಒಳಗಿನ ಕೆಪಾಸಿಟರ್ ಒಂದು ಕ್ಷಣದ ಡ್ರಮ್ ಹೊಡೆತಕ್ಕೆ ಸ್ವಲ್ಪ ಹೆಚ್ಚು ಕೊಡಬಹುದು, ಅಷ್ಟೇ. ಆರ್‌ಎಂಎಸ್ ಪಕ್ಕದಲ್ಲಿ "10% ಟಿಎಚ್‌ಡಿ" (ದನಿ ಎಷ್ಟು ಕೆಡುತ್ತದೆ ಅನ್ನುವ ಲೆಕ್ಕ) ಅಂತಿದ್ದರೆ, ಅದು ದನಿ ಒಡೆದುಹೋಗುವ ಮಟ್ಟದಲ್ಲಿ ಅಳೆದ ಸಂಖ್ಯೆ. 1% ಅಂತಿದ್ದರೆ ಮರ್ಯಾದಸ್ಥ ಲೆಕ್ಕ.

ಹಾಗಾದರೆ ಅಡುಗೆಮನೆಗೆ ಎಷ್ಟು ವ್ಯಾಟ್ ಬೇಕು? ಸಣ್ಣ ಸ್ಪೀಕರ್ ಒಂದಕ್ಕೆ 1 ವ್ಯಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ ಸುಮಾರು 84 ಡೆಸಿಬಲ್ ಬರುತ್ತದೆ ಅಂದುಕೊಳ್ಳಿ. ದೂರ ಎರಡರಷ್ಟಾದರೆ 6 ಡೆಸಿಬಲ್ ಇಳಿಯುತ್ತದೆ, ಅಂದರೆ 2 ಮೀಟರ್‌ನಲ್ಲಿ 78. ಕೋಣೆಯ ಗೋಡೆಗಳು ದನಿಯನ್ನು ವಾಪಸ್ ಎಸೆಯುವುದರಿಂದ ನಿಜದಲ್ಲಿ ಇಳಿಕೆ ಇದಕ್ಕಿಂತ ಕಡಿಮೆ. ಚಿಮಣಿ ಜೋರಾಗಿ ಓಡುವಾಗಿನ ಗದ್ದಲ 60ರಿಂದ 65. ಅಂದರೆ ಒಂದೇ ವ್ಯಾಟ್ ಕೂಡ ಅದರ ಮೇಲೆ ಕೇಳುತ್ತದೆ. ಹಾಡಿನಲ್ಲಿ ದನಿ ಥಟ್ಟನೆ ಏರುವ ಜಾಗಗಳಿಗೆ ಇನ್ನೊಂದು 10 ಡೆಸಿಬಲ್ ಎತ್ತರ ಬಿಟ್ಟುಕೊಂಡರೆ ಅದಕ್ಕೆ ಹತ್ತು ಪಟ್ಟು, 10 ವ್ಯಾಟ್. ಪ್ರಾಮಾಣಿಕ 10ರಿಂದ 20 ವ್ಯಾಟ್ ಧಾರಾಳವಾಯಿತು. 20ರ ಬದಲು 40 ವ್ಯಾಟ್ ತಂದರೆ ಸಿಗುವುದು ಬರೀ 3 ಡೆಸಿಬಲ್, ಕಿವಿಗೆ "ಹೂಂ, ಸ್ವಲ್ಪ ಜಾಸ್ತಿ" ಅನ್ನಿಸುವಷ್ಟು. ಮಿಕ್ಸಿ ಶುರುವಾದರೆ ಯಾವ ಸ್ಪೀಕರೂ ಗೆಲ್ಲುವುದಿಲ್ಲ, ಗೆಲ್ಲಿಸಲು ಹೋಗಲೂಬೇಡಿ.

ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಚಿಮಣಿ, ಎಕ್ಸಾಸ್ಟ್ ಫ್ಯಾನ್, ನಲ್ಲಿ ಎಲ್ಲ ಸೇರಿ ಒಂದು "ಭೋ" ಅನ್ನುವ ಸದ್ದು ಸದಾ ಇರುತ್ತದೆ, ಅದರಲ್ಲಿ ಕೆಳಸ್ವರದ ಪಾಲೇ ಹೆಚ್ಚು. ಬೇಸ್ ಎಷ್ಟೇ ಏರಿಸಿ, ಆ ಸದ್ದಿನಲ್ಲಿ ಕರಗಿಹೋಗುತ್ತದೆ. ಮಾತು ಅರ್ಥವಾಗುವುದು ಸ, ಶ, ತ, ಕ ಮುಂತಾದ ವ್ಯಂಜನಗಳಿಂದ, ಅವುಗಳ ಸುಳಿವೆಲ್ಲ ಹೆಚ್ಚಾಗಿ 2ರಿಂದ 4 ಕಿಲೋಹರ್ಟ್ಸ್ ಸುತ್ತಮುತ್ತ. ಅದಕ್ಕೇ "ಎಕ್ಸ್‌ಟ್ರಾ ಬೇಸ್" ಬಟನ್ ಇರುವ ದಪ್ಪನೆಯ ಸ್ಪೀಕರ್ ಅಂಗಡಿಯಲ್ಲಿ ಚೆಂದ ಕೇಳಿಸಿ, ಅಡುಗೆಮನೆಯಲ್ಲಿ ಸುದ್ದಿ ಓದುವವರ ಮಾತನ್ನು ಗೊಣಗಾಟ ಮಾಡಿಬಿಡುತ್ತದೆ. ಇಲ್ಲಿಗೆ ಎರಡೂವರೆಯಿಂದ ಮೂರು ಇಂಚಿನ ಒಂದೇ ಫುಲ್‌ರೇಂಜ್ ಡ್ರೈವರ್ (ಕೆಳಸ್ವರ, ಮೇಲುಸ್ವರ ಎರಡನ್ನೂ ತಾನೇ ನುಡಿಸುವುದು), ಜೊತೆಗೆ ಬೇಸ್-ಟ್ರೆಬಲ್ ಬೇರೆ ಬೇರೆ ತಿರುಗಿಸುವ ಸೌಲಭ್ಯ, ಇಷ್ಟಿದ್ದರೆ ಸಾಕು. ಸ್ಟೀರಿಯೊ ಕೂಡ ಬೇಕಿಲ್ಲ. ಅಡುಗೆ ಮಾಡುವವರು ಒಂದು ಕಡೆ ನಿಲ್ಲುವುದಿಲ್ಲ, ಸಿಂಕ್ ಹತ್ತಿರ ಹೋದರೆ ಒಂದು ಚಾನೆಲ್, ಫ್ರಿಜ್ ಹತ್ತಿರ ಬಂದರೆ ಇನ್ನೊಂದು ಕೇಳಿ ಪ್ರಯೋಜನವಿಲ್ಲ.

ಇಡುವ ಜಾಗದಲ್ಲೂ ಜನ ಎಡವುತ್ತಾರೆ. ಮೂಲೆಗೆ ತಳ್ಳಿದರೆ ಜಾಗ ಉಳಿಯುತ್ತದೆ ನಿಜ, ಆದರೆ ಹತ್ತಿರದ ಪ್ರತಿ ಗೋಡೆಯೂ ಬೇಸ್ ಅನ್ನು 6 ಡೆಸಿಬಲ್‌ವರೆಗೆ ಉಬ್ಬಿಸುತ್ತದೆ. ಟೈಲ್ಸ್ ಮತ್ತು ಕಲ್ಲಿನ ಕಟ್ಟೆ ಮೇಲಿನ ಸ್ವರಗಳನ್ನು ಗಾಜಿನ ಹಾಗೆ ಕಿಣಿಕಿಣಿ ಮಾಡುತ್ತವೆ. ಮೂಲೆಯಿಂದ ಒಂದು ಮೊಳ ಈಚೆಗೆ, ಕಟ್ಟೆಗಿಂತ ಮೇಲೆ, ಸಾಧ್ಯವಾದರೆ ಕಿವಿಯ ಎತ್ತರದ ಶೆಲ್ಫಿನಲ್ಲಿಡಿ. ಪೆಟ್ಟಿಗೆಯ ಹಿಂದೆ ಗಾಳಿಯ ತೂತು, ಅಂದರೆ ಬೇಸ್ ಪೋರ್ಟ್ ಇದ್ದರೆ ಗೋಡೆಗೆ 5ರಿಂದ 10 ಸೆಂಟಿಮೀಟರ್ ಬಿಡಿ. ಶೆಲ್ಫ್ ಗುಂಯ್‌ಗುಡುತ್ತಿದ್ದರೆ ಅಡಿಗೆ ರಬ್ಬರ್ ತುಂಡು ನಾಲ್ಕು. ಒಲೆಯಿಂದ ಕನಿಷ್ಠ ಒಂದು ಮೀಟರ್ ದೂರ, ಚಿಮಣಿಯ ನೇರ ಪಕ್ಕದಲ್ಲಂತೂ ಬೇಡವೇ ಬೇಡ.

ಯಾಕೆಂದರೆ ಅಡುಗೆಮನೆಯ ಸ್ಪೀಕರನ್ನು ಕೊಲ್ಲುವುದು ನೀರಲ್ಲ, ಜಿಡ್ಡು. ಡಬ್ಬದ ಮೇಲಿನ ಐಪಿ ಗುರುತು ನೀರು, ಧೂಳು ತಡೆಯುವ ದರ್ಜೆ: ಐಪಿಎಕ್ಸ್4 ಅಂದರೆ ಎಲ್ಲ ದಿಕ್ಕಿನಿಂದ ಸಿಡಿಯುವ ನೀರನ್ನು ತಡೆಯುತ್ತದೆ, ಐಪಿ67 ಅಂದರೆ ಧೂಳು ಒಳಹೋಗುವುದಿಲ್ಲ, 1 ಮೀಟರ್ ನೀರಿನಲ್ಲಿ 30 ನಿಮಿಷ ತಾಳುತ್ತದೆ. ಈ ಪರೀಕ್ಷೆಗಳೆಲ್ಲ ಸಿಹಿನೀರಿನಲ್ಲಿ ನಡೆದವು. ಎಣ್ಣೆಯ ಆವಿ ಇದರ ಲೆಕ್ಕದಲ್ಲೇ ಇಲ್ಲ. ಬಟ್ಟೆ ಹೊದಿಸಿದ ಸ್ಪೀಕರ್ ಮೇಲೆ ಜಿಡ್ಡು ಕೂತು, ಅದರ ಮೇಲೆ ಧೂಳು ಅಂಟಿ, ಆರು ತಿಂಗಳಲ್ಲಿ ಅದು ಒಲೆ ಒರೆಸುವ ಬಟ್ಟೆಯ ಬಣ್ಣಕ್ಕೆ ಬರುತ್ತದೆ, ತೊಳೆಯುವ ದಾರಿಯಿಲ್ಲ. ಲೋಹದ ಜಾಲರಿ, ನುಣುಪಾದ ಪ್ಲಾಸ್ಟಿಕ್ ಮೈ ಇರುವುದನ್ನು ಆರಿಸಿ. ವಾರಕ್ಕೊಮ್ಮೆ ಪ್ಲಗ್ ಕಿತ್ತು, ಸೋಪುನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸಿದರೆ ಸಾಕು. ಸ್ಪ್ರೇ ನೇರವಾಗಿ ಹೊಡೆಯಬೇಡಿ. ಬದಿಯಲ್ಲಿ ಬೆರಳಿಟ್ಟರೆ ಕುಣಿಯುವ ರಬ್ಬರ್ ತಟ್ಟೆ ಕಂಡರೆ ಅದು ಬೇಸ್ ಹೆಚ್ಚಿಸುವ ಪ್ಯಾಸಿವ್ ರೇಡಿಯೇಟರ್, ಒತ್ತಿ ಒರೆಸಬೇಡಿ.

ಬ್ಯಾಟರಿ ಇರುವುದನ್ನೇ ಕೊಂಡರೆ ಎರಡು ಎಚ್ಚರ. ಚಾರ್ಜಿಂಗ್ ಪೋರ್ಟಿನ ರಬ್ಬರ್ ಮುಚ್ಚಳ ತೆರೆದಿರುವಷ್ಟು ಹೊತ್ತು ಐಪಿ67 ಅನ್ನುವುದಕ್ಕೆ ಅರ್ಥವಿಲ್ಲ, ಒದ್ದೆ ಪೋರ್ಟಿಗೆ ಚಾರ್ಜರ್ ಚುಚ್ಚಿದರೆ ಪಿನ್ ತುಕ್ಕು ಹಿಡಿಯುತ್ತದೆ. ಇನ್ನು, ಲಿಥಿಯಂ ಬ್ಯಾಟರಿಯನ್ನು ಬಿಸಿ ಜಾಗದಲ್ಲಿ ವರ್ಷವಿಡೀ ಚಾರ್ಜಿಗೆ ಹಾಕಿಯೇ ಇಟ್ಟರೆ ಬೇಗ ಮುದಿಯಾಗುತ್ತದೆ. ಒಂದೇ ಕಡೆ ಕೂರುವ ಸ್ಪೀಕರ್ ಆದರೆ ಬ್ಯಾಟರಿಯಿಲ್ಲದೆ ಕರೆಂಟಿನಲ್ಲೇ ಓಡುವುದು ಒಳ್ಳೆಯದು.

ಬಟನ್ ಬಗ್ಗೆ ನನಗೆ ಹಠವಿದೆ. ಒದ್ದೆ ಕೈಗೆ, ಹಿಟ್ಟು ಮೆತ್ತಿದ ಕೈಗೆ ಟಚ್ ಪ್ಯಾನೆಲ್ ಸ್ಪಂದಿಸುವುದಿಲ್ಲ, ಇಲ್ಲವೇ ನೀರ ಹನಿಗೇ ಸ್ಪಂದಿಸಿ ತಾನೇ ದನಿ ಏರಿಸಿಕೊಳ್ಳುತ್ತದೆ. ಮೊಣಕೈಯಲ್ಲಿ ತಿರುಗಿಸಬಹುದಾದ ಗುಂಡಗಿನ ವಾಲ್ಯೂಮ್ ನಾಬ್‌ಗೆ ಸಮನಾದದ್ದು ಯಾವುದೂ ಇಲ್ಲ. ಮಾತಿನಲ್ಲಿ ಆಜ್ಞೆ ಕೊಡುವ ಸ್ಪೀಕರೂ ಚಿಮಣಿ ಸದ್ದಿನಲ್ಲಿ ಕಿವುಡಾಗುತ್ತದೆ, ಆಗ ಕೂಗಬೇಕಾದವರು ನೀವು.

ಬ್ಲೂಟೂತ್ ಕಡಿದು ಕಡಿದು ಬರುತ್ತದೆ ಅನ್ನುವ ದೂರಿಗೆ ಎಷ್ಟೋ ಸಲ ಕಾರಣ ಮೈಕ್ರೋವೇವ್ ಓವನ್ ಅಥವಾ ನಮ್ಮ ದೇಹ. ಓವನ್ ಕೆಲಸ ಮಾಡುವುದು 2.45 ಗಿಗಾಹರ್ಟ್ಸ್‌ನಲ್ಲಿ, ಬ್ಲೂಟೂತ್ ಮತ್ತು ಹಳೆಯ ವೈಫೈ ಕೂಡ ಅದೇ 2.4ರ ಪಟ್ಟಿಯಲ್ಲಿ. ಓವನ್ನಿನಿಂದ ಸೋರುವ ಚೂರುಪಾರು ಅಲೆ ನಮಗೆ ಹಾನಿ ಮಾಡದಿದ್ದರೂ ಹಾಡನ್ನು ಕತ್ತರಿಸಲು ಸಾಕು. ಸ್ಪೀಕರ್ ಮತ್ತು ಫೋನ್ ಎರಡನ್ನೂ ಓವನ್ನಿನಿಂದ ದೂರ, ಒಂದೇ ಬದಿಯಲ್ಲಿಡಿ, ಅವೆರಡರ ನಡುವೆ ಓವನ್ ಬರಬಾರದು. ಫೋನ್ ಹಿಂದಿನ ಜೇಬಿನಲ್ಲಿದ್ದು ಮುಖ ಸ್ಪೀಕರ್ ಕಡೆಗಿದ್ದರೆ ನಡುವೆ ಇರುವುದು ನೀರು ತುಂಬಿದ ಮೈ, ಅದೂ ಇದೇ ಅಲೆಯನ್ನು ಹೀರುತ್ತದೆ.

ರೇಡಿಯೊ ಬೇಕು ಅಂದಿರಿ. ಎಫ್‌ಎಂಗೆ ಹಿಂದೆ ಬಾಲದ ಹಾಗೆ ಬಿಟ್ಟಿರುವ ವೈರೇ ಆಂಟೆನಾ. 100 ಮೆಗಾಹರ್ಟ್ಸ್ ಅಲೆಯ ಉದ್ದ 3 ಮೀಟರ್, ಅದರ ಕಾಲುಭಾಗ 75 ಸೆಂಟಿಮೀಟರ್, ಆ ವೈರ್ ಸುಮಾರು ಅಷ್ಟು ಉದ್ದ ಇರುವುದು ಅದಕ್ಕೇ. ಅದನ್ನು ಸುತ್ತಿ ರಬ್ಬರ್ ಬ್ಯಾಂಡ್ ಹಾಕಿಟ್ಟು "ಸ್ಟೇಷನ್ ಹಿಡಿಯುವುದಿಲ್ಲ" ಅನ್ನುವವರೇ ಹೆಚ್ಚು. ಪೂರ್ತಿ ಬಿಚ್ಚಿ, ಕರೆಂಟ್ ವೈರಿನಿಂದ ದೂರ, ಟೇಪಿನಲ್ಲಿ ಗೋಡೆಗೆ ಅಂಟಿಸಿ, ನೆಟ್ಟಗೊಮ್ಮೆ ಅಡ್ಡಲಾಗೊಮ್ಮೆ ಇಟ್ಟು ನೋಡಿ. ಎಎಂ ಕೇಳುವವರಿಗೆ ಇಂಡಕ್ಷನ್ ಒಲೆ ಮತ್ತು ಅಗ್ಗದ ಎಲ್‌ಇಡಿ ಬಲ್ಬ್ ಶತ್ರುಗಳು.

ಸಿಡಿಯನ್ನು ಅಡುಗೆಮನೆಗೆ ತರಬೇಡಿ. ಲೆನ್ಸಿನ ಮೇಲೆ ಜಿಡ್ಡಿನ ಪೊರೆ ಕೂತರೆ ಹಾಡು ಜಿಗಿಯುತ್ತದೆ. ಹಾಲ್‌ನಲ್ಲೂ ಮೇಲಿನಿಂದ ಮುಚ್ಚಳ ತೆರೆಯುವ ಮಾದರಿಯಾದರೆ ಶೆಲ್ಫಿನ ಎತ್ತರ ಅಳೆದುಕೊಂಡು ಹೋಗಿ. ಪೆನ್‌ಡ್ರೈವ್ ಓದದಿದ್ದರೆ ಅದನ್ನು ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ, ಹಾಡುಗಳನ್ನು ಮೊದಲು ಬೇರೆಡೆ ಉಳಿಸಿಕೊಂಡು. ಬಹಳಷ್ಟು ಸಿಸ್ಟಂಗಳಿಗೆ ಎನ್‌ಟಿಎಫ್‌ಎಸ್, ಎಕ್ಸ್‌ಫ್ಯಾಟ್ ಅನ್ನುವ ಬೇರೆ ಫಾರ್ಮ್ಯಾಟ್‌ಗಳು ಗೊತ್ತಿಲ್ಲ.

ಹಾಲ್‌ಗೆ ಬರೋಣ. ಒಂದೇ ಉದ್ದ ಪೆಟ್ಟಿಗೆಯ ಎರಡು ತುದಿಯಲ್ಲಿ ಸ್ಪೀಕರ್ ಇಟ್ಟು ಸ್ಟೀರಿಯೊ ಅಂದರೆ, ಮೂರು ಮೀಟರ್ ದೂರದ ಸೋಫಾಕ್ಕೆ ಅದು ಒಂದೇ ಚುಕ್ಕೆಯಿಂದ ಬಂದಂತೆ ಕೇಳಿಸುತ್ತದೆ. ಬಿಡಿಯಾಗಿರುವ ಎರಡು ಸ್ಪೀಕರ್, ಕೆಳಸ್ವರಕ್ಕೆ ನಾಲ್ಕು ಇಂಚಿನ ವೂಫರ್, ಮೇಲುಸ್ವರಕ್ಕೆ ಮುಕ್ಕಾಲರಿಂದ ಒಂದು ಇಂಚಿನ ಟ್ವೀಟರ್, ಪ್ರತಿ ಬದಿಗೆ 20ರಿಂದ 30 ವ್ಯಾಟ್ ಆರ್‌ಎಂಎಸ್ ಹುಡುಕಿ. ಒಂದರಿಂದೊಂದು ಒಂದೂವರೆ ಎರಡು ಮೀಟರ್ ದೂರ, ಕೂತವರ ಕಿವಿಯ ಎತ್ತರಕ್ಕೆ. ವೈರ್ ಜೋಡಿಸುವಾಗ ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ. ಒಂದು ಬದಿ ಅದಲುಬದಲಾದರೆ ಒಂದು ಸ್ಪೀಕರಿನ ಕೋನ್ (ಅಲುಗಿ ಸದ್ದು ಮಾಡುವ ಬಟ್ಟಲು) ಮುಂದೆ ಬರುವಾಗ ಇನ್ನೊಂದು ಹಿಂದೆ ಹೋಗಿ ಬೇಸ್ ಪರಸ್ಪರ ಅಳಿಸಿಹೋಗುತ್ತದೆ, ಹಾಡುವವರ ದನಿ ನಡುವೆ ನಿಲ್ಲದೆ ಕೋಣೆಯೆಲ್ಲ ಅಲೆಯುತ್ತದೆ. ಅನುಮಾನ ಬಂದರೆ ಸಿಸ್ಟಂ ಆಫ್ ಮಾಡಿ ಒಂದೇ ಸ್ಪೀಕರಿನ ಎರಡು ವೈರ್ ಬದಲಿಸಿ ಕೇಳಿ. ಬೇಸ್ ಹೆಚ್ಚಾಗುವ ಜೋಡಣೆಯೇ ಸರಿ. ಟಿವಿಗೆ ಆಪ್ಟಿಕಲ್ ಕೇಬಲ್ ಹಾಕಿದರೂ ಸದ್ದೇ ಬಾರದಿದ್ದರೆ ಟಿವಿಯ ಆಡಿಯೊ ಸೆಟ್ಟಿಂಗಿನಲ್ಲಿ ಡಾಲ್ಬಿ ಬದಲು ಪಿಸಿಎಂ (ಸಾದಾ ಸ್ಟೀರಿಯೊ ಸದ್ದು) ಆರಿಸಿ.

ಎರಡೂ ಕಡೆ ಒಂದೇ ಹಾಡು ಒಟ್ಟಿಗೆ ಬರಬೇಕೆಂದರೆ ವೈಫೈ ಮಾದರಿಗಳು ಬೇಕು. ಫೋನಿನಿಂದ ವೈಫೈ ಮೂಲಕ ಹಾಡು ಕಳಿಸುವ ಏರ್‌ಪ್ಲೇ 2 (ಆಪಲ್‌ನದು) ಅಥವಾ ಗೂಗಲ್ ಕ್ಯಾಸ್ಟ್, ಎರಡೂ ಕಡೆ ಒಂದೇ ಜಾತಿಯದು. ಒಂದು ವೈಫೈ, ಒಂದು ಬ್ಲೂಟೂತ್ ಅಂತ ಬೆರೆಸಿದರೆ ಬ್ಲೂಟೂತ್ ಕಡೆಯದು ತನ್ನದೇ ತಡ ಮಾಡಿಕೊಂಡು ಬರುತ್ತದೆ. ಸೆಕೆಂಡಿನ ಹತ್ತನೇ ಒಂದು ಭಾಗ ತಡವಾದರೂ ಅಷ್ಟರಲ್ಲಿ ಶಬ್ದ 34 ಮೀಟರ್ ಹೋಗಿರುತ್ತದೆ. ಬಾಗಿಲಲ್ಲಿ ನಿಂತವರಿಗೆ ದೇವಸ್ಥಾನದ ಪ್ರಾಂಗಣದಲ್ಲಿ ನಿಂತಂತೆ ಮಾರ್ದನಿ. ವೈಫೈ ಸ್ಪೀಕರ್ ಸೆಟಪ್ ಆಗದಿದ್ದರೆ ಫೋನ್ 5 ಗಿಗಾಹರ್ಟ್ಸ್‌ನಲ್ಲಿದೆಯಾ ನೋಡಿ, ಎಷ್ಟೋ ಅಗ್ಗದ ಸ್ಪೀಕರಿಗೆ 2.4 ಮಾತ್ರ ಗೊತ್ತು.

ಆದರೆ ಆ್ಯಪ್ ನಂಬಿದ ಪೆಟ್ಟಿಗೆಗೆ ಆ್ಯಪ್ ಇರುವಷ್ಟೇ ಆಯಸ್ಸು. 2020ರ ಮೇ ತಿಂಗಳಲ್ಲಿ ಸೋನೋಸ್ ಅನ್ನುವ ಸ್ಪೀಕರ್ ಕಂಪನಿ ತನ್ನ ಕೆಲವು ಹಳೆಯ ಮಾದರಿಗಳಿಗೆ ಹೊಸ ಸಾಫ್ಟ್‌ವೇರ್ ಕೊಡುವುದನ್ನು ನಿಲ್ಲಿಸಿತು. ಸ್ಪೀಕರ್ ಸತ್ತಿರಲಿಲ್ಲ. ಅದಕ್ಕೇ 3.5 ಮಿಲಿಮೀಟರ್ ಆಕ್ಸ್ ತೂತು ಇಲ್ಲದ ಸಿಸ್ಟಂ ಕೊಳ್ಳಬೇಡಿ. ಅದೊಂದಿದ್ದರೆ ನಾಳೆ ಏನೇ ಬಂದರೂ ವೈರ್ ಚುಚ್ಚಿ ಕೇಳಬಹುದು.

ಅಂಗಡಿಯಲ್ಲಿ ನಿಮ್ಮ ಫೋನಿನಿಂದಲೇ ಹಾಡಿಸಿ. ಮೊದಲು ಬರೀ ಮಾತು, ಸಣ್ಣ ದನಿಯಲ್ಲಿ. ಆಮೇಲೆ ವಾಲ್ಯೂಮ್ ಮುಕ್ಕಾಲಿಗೆ ಏರಿಸಿ ಹೆಣ್ಣು ದನಿಯ ಎತ್ತರದ ಸ್ವರ: ಒಡೆದರೆ ಅಲ್ಲಿ ಒಡೆಯುತ್ತದೆ. ವಾಲ್ಯೂಮಿನ ಮೊದಲ ಎರಡು ಮೆಟ್ಟಿಲು ಗಮನಿಸಿ, ಕೆಲವು ಸೊನ್ನೆಯಿಂದ ಒಂದಕ್ಕೆ ಹೋದರೇ ಬೆಳಗಿನ ಜಾವ ಮನೆಯವರನ್ನೆಲ್ಲ ಎಬ್ಬಿಸುವಷ್ಟು ಜೋರು. ಪ್ಲಗ್ ಕಿತ್ತು ಮತ್ತೆ ಹಾಕಿ, ಸ್ಟೇಷನ್ ನೆನಪಿಟ್ಟುಕೊಂಡಿದೆಯಾ ನೋಡಿ. ಸಣ್ಣ ದನಿಯಲ್ಲಿ ಆಕ್ಸ್‌ನಿಂದ ಕೇಳುವಾಗ 15-20 ನಿಮಿಷಕ್ಕೆ ತಾನೇ ಆರಿಹೋಗುವ ರೋಗ ಕೆಲವಕ್ಕಿದೆ. ಅದು ಆಟೋ ಸ್ಟ್ಯಾಂಡ್‌ಬೈ, ಅದನ್ನು ಮೆನುವಿನಲ್ಲಿ ನಿಲ್ಲಿಸಲು ಬರುತ್ತದಾ ಅಂತ ಕೇಳಿಕೊಳ್ಳಿ.

ಈಗ ಅಟ್ಟದ ಜೋಡಿ. ಜಾಲರಿ ತೆಗೆದು ಕೋನ್ ಸುತ್ತಲಿನ ಅಂಚನ್ನು ಬೆರಳಿಂದ ಮೆಲ್ಲಗೆ ಮುಟ್ಟಿ. ರಬ್ಬರ್ ಆದರೆ ಸಾಮಾನ್ಯವಾಗಿ ಚೆನ್ನಾಗಿರುತ್ತದೆ, ಫೋಮ್ ಆದರೆ ಪುಡಿಪುಡಿಯಾಗಿ ಕೈಗೆ ಬರಬಹುದು, ಆಗ ಅಂಚು ಬದಲಾಯಿಸಬೇಕು. ಸರಿಯಿದ್ದರೆ 1.5 ವೋಲ್ಟಿನ ಸೆಲ್ ಒಂದರ ಎರಡು ತುದಿಯನ್ನು ಸ್ಪೀಕರ್ ವೈರಿಗೆ ಒಂದು ಕ್ಷಣ ತಾಗಿಸಿ. ಟಪ್ ಅಂತ ಸದ್ದಾಗಿ ವೂಫರ್ ಅಲುಗಿದರೆ ಅದು ಜೀವಂತ. ಮಲ್ಟಿಮೀಟರ್ ಇದ್ದರೆ 8 ಓಮ್ ಸ್ಪೀಕರ್ 6ರಿಂದ 7 ಓಮ್ ತೋರಿಸುವುದು ಸಹಜ, ಹಾಳಾಗಿದೆ ಅಂದುಕೊಳ್ಳಬೇಡಿ. ಎರಡೂ ಸ್ಪೀಕರ್ ಪಾಸಾದರೆ ಹೊಸ ಸಿಸ್ಟಂ ಬೇಡ. ಬ್ಲೂಟೂತ್ ಮತ್ತು ಆಕ್ಸ್ ಇರುವ, ಪ್ರತಿ ಬದಿಗೆ 20-30 ವ್ಯಾಟಿನ ಪುಟ್ಟ ಕ್ಲಾಸ್-ಡಿ (ಹೆಚ್ಚು ಬಿಸಿಯಾಗದ ಬಗೆಯ) ಆಂಪ್ಲಿಫೈಯರ್ ಸಾಕು, ಸಿಡಿಗೆ ಬೇಕಿದ್ದರೆ ಹಳೆಯ ಡಿವಿಡಿ ಪ್ಲೇಯರನ್ನು ಅದರ ಆಕ್ಸ್‌ಗೆ ಸೇರಿಸಿ. ಸ್ಪೀಕರಿನ ಹಿಂದೆ 4 ಓಮ್ ಅಂತ ಬರೆದಿದ್ದರೆ ಆಂಪ್ಲಿಫೈಯರ್ 4 ಓಮ್ ತಾಳುತ್ತದಾ ಅಂತ ನೋಡಿಕೊಂಡೇ ಕೊಳ್ಳಿ. ಹಿಂದಿನ ಲೇಬಲ್ಲಿನ ಫೋಟೊ ಇಲ್ಲಿ ಹಾಕಿ, ಯಾವ ಆಂಪ್ಲಿಫೈಯರ್ ಹೊಂದುತ್ತದೆ ಹೇಳುತ್ತೇನೆ.