ಮೊಳದುದ್ದದ ಮಾತು

ಪ್ರಶ್ನೆ: ಮಗಳು ಹತ್ತನೇ ಕ್ಲಾಸು. ಅವಳ ಇಂಗ್ಲಿಷ್ ಪ್ರಬಂಧದ ಬದಿಯಲ್ಲಿ ಟೀಚರ್ ಕೆಂಪು ಶಾಯಿಯಲ್ಲಿ ‘ಸೆಸ್ಕ್ವಿಪಿಡೇಲಿಯನ್’ ಅಂತ ಒಂದೇ ಪದ ಬರೆದಿದ್ದಾರೆ. ಹೊಗಳಿದ್ದೋ, ಬೈದದ್ದೋ? ಈ ಪದ ಬಂದದ್ದಾದರೂ ಎಲ್ಲಿಂದ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಬೈದದ್ದೇ ಅಕ್ಕಾ, ಆದರೆ ನಗುತ್ತಾ ಬೈದದ್ದು. ಸುಮ್ನೆ ಉದ್ದುದ್ದ ಪದ ಹಾಕಿ ಬರೆಯುವವರಿಗೂ ಅವರ ಬರಹಕ್ಕೂ ಹೇಳುವ ಮಾತು. ಇಂಗ್ಲಿಷಿನಲ್ಲಿ ಬರೆದರೆ 14 ಅಕ್ಷರ, ತಾನು ಹೇಳುವುದನ್ನು ತಾನೇ ಮಾಡಿ ತೋರಿಸುತ್ತದೆ!

ಮೂಲ ಲ್ಯಾಟಿನ್. ‘ಸೆಸ್ಕ್ವಿ’ ಅಂದರೆ ಒಂದೂವರೆ. 150ನೇ ವರ್ಷದ ಆಚರಣೆಗೆ ಸೆಸ್ಕ್ವಿಸೆಂಟೆನಿಯಲ್ ಅಂತಾರಲ್ಲ, ಅದೇ. ‘ಪೆಸ್’ ಅಂದರೆ ಪಾದ. ಸೈಕಲ್ಲಿನ ಪೆಡಲ್ ಇದರದ್ದೇ ಮೊಮ್ಮಗ, ಸಂಸ್ಕೃತದ ‘ಪಾದ’ ದೂರದ ದಾಯಾದಿ. ಒಟ್ಟಿಗೆ ‘ಒಂದೂವರೆ ಅಡಿ ಉದ್ದದ್ದು’ ಅಂತಾಯಿತು. ಒಂದೂವರೆ ಅಡಿ ಎಷ್ಟು? ಮೊಣಕೈಯಿಂದ ನಡುಬೆರಳ ತುದಿವರೆಗೆ, ಬಸ್‌ಸ್ಟ್ಯಾಂಡಿನಲ್ಲಿ ಹೂವಿನವರು ಕೈ ಚಾಚಿ ಮಲ್ಲಿಗೆ ಅಳೆಯುವಷ್ಟು. ಸರಿಯಾಗಿ ಒಂದು ಮೊಳ! ನಾವು ಮಾರುದ್ದ ಅಂತೇವೆ, ಮಾರಿಗೆ ನಾಲ್ಕು ಮೊಳ; ಉತ್ಪ್ರೇಕ್ಷೆಯಲ್ಲಿ ರೋಮನ್ನರಿಗಿಂತ ನಾವೇ ಮುಂದೆ.

ಈ ಮೊಳದ ಲೆಕ್ಕವನ್ನು ಮಾತಿಗೆ ಹಚ್ಚಿದ್ದು ರೋಮಿನ ಕವಿ ಹೊರೇಸ್ (ಕ್ರಿ.ಪೂ. 65–8). ನಾಟಕದ ರಾಜರು ಬಡತನದಲ್ಲಿ, ಊರು ಬಿಟ್ಟು ಅಲೆಯುವ ಹೊತ್ತಿನಲ್ಲಿ, ನೋಡುವವರ ಮನಸ್ಸು ಕರಗಬೇಕಾದರೆ ಈ ಒಂದೂವರೆ ಅಡಿಯ ಪದಗಳನ್ನು ಬಿಸಾಡುತ್ತಾರೆ ಅಂತ ಅವನು ಹೇಳಿದ. ಕುಂಬಳೆ ಸೀಮೆಯಲ್ಲಿ ತಾಳಮದ್ದಳೆ ಕೇಳಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಒಡ್ಡೋಲಗದಲ್ಲಿ ಅರ್ಥಧಾರಿ ಎಷ್ಟು ಉದ್ದದ ಸಮಾಸ ಎಳೆದರೂ ಚೆಂದವೇ. ಅದೇ ಹರಿಶ್ಚಂದ್ರ ಸ್ಮಶಾನದಲ್ಲಿ ಹೆಂಡತಿಯ ಹತ್ತಿರ ಸುಂಕ ಕೇಳುವಾಗ ಹಾಗೆ ಮಾತಾಡಿದರೆ ಯಾರ ಕಣ್ಣೂ ಒದ್ದೆಯಾಗಲಿಕ್ಕಿಲ್ಲ.

ಇಂಗ್ಲಿಷಿಗೆ ಇದು ಬಂದದ್ದು 17ನೇ ಶತಮಾನದಲ್ಲಿ. ನಮ್ಮ ಕಡೆ ಉದಾಹರಣೆಗೆ ಬರವಿಲ್ಲ. ಮೊನ್ನೆ ಒಂದು ಆಫೀಸಿನಲ್ಲಿ ಮಲಯಾಳದಿಂದ ಕನ್ನಡಕ್ಕೆ ಮಾಡಿದ ಫಾರಂ ಕೊಟ್ಟರು, ಅದರಲ್ಲಿ ‘ಸಮರ್ಪಿಸಲ್ಪಡತಕ್ಕದ್ದಾಗಿರುತ್ತದೆ’ ಅಂತ ಇತ್ತು. ಹಿಂದೆ ಸಾಲಿನಲ್ಲಿದ್ದ ಅಜ್ಜ ಇಣುಕಿ ನೋಡಿ, “ಇದು ಕೊಡ್ಬೇಕು ಅಂತಲಾ, ಬೇಡ ಅಂತಲಾ?” ಅಂತ ಕೇಳಿದರು.

ಮಗಳಿಗೆ ಬೇಜಾರು ಮಾಡಬೇಡ ಅನ್ನಿ. ಉದ್ದ ಪದ ಬೇಡ ಅನ್ನಲಿಕ್ಕೆ ಟೀಚರಿಗೂ ಮೊಳದುದ್ದದ ಪದವೇ ಬೇಕಾಯಿತಲ್ವಾ!